ಮುಯ್ಯಿಗೆ ಕೊಟ್ಟ ಪಾಳಿ

ಹುಲ್ಲಹಳ್ಳಿ ನಾಲೆಯ ನೀರುಗಂಟಿ ಪುಟ್ಟಬಸವಯ್ಯನಿಗೆ ಊರಲ್ಲಿ ಗೆಳೆಯರು ಕಡಿಮೆ. ನೀರುಗಂಟಿಗೆ ಗೆಳೆಯರು ಜಾಸ್ತಿ ಇದ್ದಾರೆ ಅಂದರೆ ಎಲ್ಲೋ ಮೋಸ ನಡೆಯುತ್ತಿದೆ ಅಂತಲೇ ಅರ್ಥ. ಯಾರ ಗದ್ದೆ ಆದಮೇಲೆ ಯಾರ ಗದ್ದೆಗೆ ನೀರು ಅನ್ನುವುದನ್ನು ತಲೆಯಲ್ಲಿಟ್ಟುಕೊಂಡು ತೂಬು ಎತ್ತುವವನು, ಇಳಿಸುವವನು ಅವನು. ಅವನ ಅಪ್ಪ ಮಾಡಿದ್ದೂ ಅದೇ, ತಾತ ಮಾಡಿದ್ದೂ ಅದೇ. ಹೆಗಲ ಮೇಲೊಂದು ಗುದ್ದಲಿ, ಬಾಯಲ್ಲಿ ಎಲೆಅಡಿಕೆ, ಮುಖದಲ್ಲಿ ಮಾತ್ರ ನಗು ಅನ್ನುವುದೇ ಇಲ್ಲ. ನಕ್ಕರೆ ಯಾರಾದರೂ ಒಂದು ಗಂಟೆ ನೀರು ಜಾಸ್ತಿ ಕೇಳಿಬಿಟ್ಟಾರು ಅನ್ನುವ ಭಯ.

ಅವನ ಕೆಲಸಕ್ಕೆ ಇದ್ದದ್ದು ಎರಡೇ ಕಟ್ಟಳೆ. ಒಂದು, ಪಾಳಿ ಬಂದಾಗ ಗದ್ದೆಯ ಹತ್ತಿರ ಇಲ್ಲದವನ ಪಾಳಿ ಹೋಯಿತು. ಅವನಿಗೆ ಇನ್ನು ಎಲ್ಲರದೂ ಮುಗಿದ ಮೇಲೆಯೇ ನೀರು. ‘ಬುಟ್ಟ ಪಾಳಿ ಬಾಲಕ್ಕೆ’ ಎಂದು ಅವನು ಹೇಳಿದರೆ ಮುಗಿಯಿತು, ಬ್ರಹ್ಮ ಬಂದರೂ ತೂಬು ಎತ್ತುತ್ತಿರಲಿಲ್ಲ. ಇನ್ನೊಂದು ಮುಯ್ಯಿ. ನಾಟಿಗೆ ಮುಯ್ಯಾಳು ಹೋಗುವುದಿಲ್ಲವೇ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂದು? ಹಾಗೆಯೇ ಪಾಳಿಯನ್ನೂ ಮುಯ್ಯಿಗೆ ಕೊಡಬಹುದು. ನನ್ನ ಇವತ್ತಿನ ನೀರು ನೀನು ತಗೋ, ಎಂಟು ದಿನದ ಮೇಲೆ ಬರುವ ನಿನ್ನ ನೀರು ನನಗೆ. ಆದರೆ ಇಬ್ಬರೂ ಏರಿಯ ಮೇಲೆ ನಿಂತು ಬಾಯಿಬಿಟ್ಟು ಒಪ್ಪಬೇಕು. ‘ಅವ್ನು ಒಪ್ಪವ್ನೆ, ನಾನ್ ಹೇಳ್ತಿಲ್ವಾ’ ಎಂದು ಒಬ್ಬನೇ ಬಂದರೆ ಪುಟ್ಟಬಸವಯ್ಯ ಬಗ್ಗುವ ಆಸಾಮಿಯಲ್ಲ. ‘ಗದ್ದೆ ಯಾರ್ದೋ ಅವ್ರ ಬಾಯಿಂದ ಬರ್ಲಿ’ ಎನ್ನುತ್ತಿದ್ದ.

ತೊಂಬತ್ಮೂರನೆಯ ಇಸವಿಯ ಬೇಸಿಗೆ ಬೆಳೆಯಲ್ಲಿ ಮುದ್ದಮ್ಮ ಅನ್ನುವ ಗಂಡ ಸತ್ತ ಹೆಂಗಸು ಮಗಳ ಹೆರಿಗೆಗೆಂದು ಕವಲಂದೆಗೆ ಹೋಗಿದ್ದಳು. ಮಗು ಅಡ್ಡ ಸಿಕ್ಕಿಕೊಂಡು ಒಂದು ದಿನ ತಡವಾಯಿತು. ಬರುವಷ್ಟರಲ್ಲಿ ಪಾಳಿ ದಾಟಿತ್ತು. ಏರಿಯ ಮೇಲೆ ಕೂತು ಸೆರಗೊಡ್ಡಿ ಕೇಳಿದಳು. “ಒಂದೇ ಒಂದ್ ಗಂಟೆ ಬುಡು ಕಣಪ್ಪ, ಪೈರು ಸುರುಟ್ಕತಾ ಅದೆ.”

“ಬುಟ್ಟ ಪಾಳಿ ಬಾಲಕ್ಕೆ ಕಣ್ ಮುದ್ದವ್ವ. ನಿನ್ಗೊಬ್ಳಿಗೆ ಬುಟ್ರೆ ನಾಳೆ ಸಾವ್ಕಾರ್ ಸಿದ್ದಮಲ್ಲಪ್ಪನ್ಗೂ ಬುಡ್ಬೇಕಾಯ್ತದೆ.”

ಹದಿನೆಂಟು ದಿನದ ಮೇಲೆ ಅವಳಿಗೆ ನೀರು ಸಿಕ್ಕಿತು. ಆ ವರ್ಷ ಅವಳ ಗದ್ದೆಯಲ್ಲಿ ಅರ್ಧಕ್ಕರ್ಧ ಜೊಳ್ಳು. ಪುಟ್ಟಬಸವಯ್ಯನಿಗೆ ಮರುಕ ಹುಟ್ಟಲಿಲ್ಲ ಅಂತೇನಿಲ್ಲ. ಆದರೆ ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಮುದ್ದಮ್ಮನಿಂದಲೂ ಆಗಲಿಲ್ಲ.

ಇಂಥವನ ಹೆಂಡತಿ ಪುಟ್ಟಮಾದಮ್ಮ. ಇವನು ಎಷ್ಟು ಬಿಗಿಯೋ ಅವಳು ಅಷ್ಟು ಸಡಿಲ. ಹನ್ನೆರಡು ಹೆಂಗಸರ ನಾಟಿ ಗುಂಪಿಗೆ ಅವಳೇ ಮುಂದಾಳು. ಅವಳ ಬಲಗೈ ನೆಟ್ಟ ಪೈರು ಗಾಳಿಗೂ ವಾಲುವುದಿಲ್ಲ ಅಂತ ಸುತ್ತ ನಾಲ್ಕು ಹಳ್ಳಿಯಲ್ಲಿ ಹೆಸರು. ಬೇಕಾದರೆ ಗಂಡನನ್ನೇ ಹಾಡು ಕಟ್ಟಿ ಆಡಿಕೊಳ್ಳುತ್ತಿದ್ದಳು. ಸಾಲಿನ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ನೀರುಗಂಟಿ ಕೇಳದವನ ಹಾಗೆ ಏರಿ ದಾಟಿ ಹೋಗುತ್ತಿದ್ದ. ತೊಂಬತ್ತೈದರ ನಾಟಿಯಲ್ಲಿ ಆ ಹಾಡು ಮಧ್ಯಕ್ಕೇ ನಿಂತಿತು. ಕೆಸರಿನಲ್ಲಿ ಕೈಯೂರಿ ಏದುಸಿರು ಬಿಡುತ್ತ ಕೂತವಳನ್ನು ಇಬ್ಬರು ಎತ್ತಿಕೊಂಡು ಬರಬೇಕಾಯಿತು.

ನಂಜನಗೂಡಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನವರು ಬೆಂಗಳೂರಿನ ಒಂದು ಧರ್ಮಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ಕನ್ನಡಕದ ಡಾಕ್ಟರು ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು, ಜ್ವರ ಬಂದಿತ್ತೇ ಎಂದು ಕೇಳಿದರು. ಬಂದಿತ್ತು, ಯಾರಿಗೆ ಬರುವುದಿಲ್ಲ? ಆ ಜ್ವರ ಅವತ್ತೇ ಹೃದಯದ ಒಂದು ಬಾಗಿಲನ್ನು ಕೆಡಿಸಿ ಹೋಗಿದೆ, ಈಗ ಅದು ಗಟ್ಟಿಯಾಗಿ ಕಚ್ಚಿಕೊಂಡಿದೆ, ರಕ್ತ ಮುಂದಕ್ಕೆ ಹೋಗದೆ ಹಿಂದೆ ನಿಂತು ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ ಎಂದರು. ಪುಟ್ಟಬಸವಯ್ಯನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ತೂಬು ಕಚ್ಚಿಕೊಂಡರೆ ಮೇಲಿನ ಗದ್ದೆ ಏನಾಗುತ್ತದೆ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಆಪರೇಷನ್ ಆಗ್ಬೇಕು. ಇಲ್ಲಿ ಖರ್ಚಿಲ್ಲ. ಆದ್ರೆ ಪಾಳಿ ಇದೆಯಪ್ಪ,” ಎಂದರು ಡಾಕ್ಟರು. ಇದ್ದ ಟೇಬಲ್ಲು ಎರಡು, ಕಾಯುವವರು ನೂರಾರು. ಗುಮಾಸ್ತ ಚೀಟಿಯ ಮೇಲೆ ನಾನೂರ ಹನ್ನೆರಡು ಎಂದು ಬರೆದುಕೊಟ್ಟ. ಪಾಳಿ ಅಂದ ಮೇಲೆ ಪುಟ್ಟಬಸವಯ್ಯನ ಜೀವಕ್ಕೆ ಸಮಾಧಾನವಾಯಿತು. ಪಾಳಿ ಅನ್ನುವುದು ಇದ್ದರೆ ಅದು ಬಂದೇ ಬರುತ್ತದೆ.

ಬಂತು, ಆದರೆ ಒಂದೂಮುಕ್ಕಾಲು ವರ್ಷ ತಿಂದು ಬಂತು. ಇಪ್ಪತ್ತೊಂದು ದಿನಕ್ಕೊಂದು ಇಂಜೆಕ್ಷನ್ನು ನಂಜನಗೂಡಿನಲ್ಲಿ, ಎರಡು ತಿಂಗಳಿಗೊಂದು ತಪಾಸಣೆ ಬೆಂಗಳೂರಿನಲ್ಲಿ. ಉಪ್ಪು ಬಿಡು ಎಂದರು, ಬಿಟ್ಟಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಭತ್ತದ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡುವುದನ್ನು ಕಲಿತಳು. ನಲ್ಲಿಯಿಂದ ಮನೆಗೆ ಬರುವಷ್ಟರಲ್ಲಿ ಮೂರು ಕಡೆ ಬಿಂದಿಗೆ ಇಳಿಸುತ್ತಿದ್ದಳು, ಆಮೇಲೆ ಐದು ಕಡೆ, ಆಮೇಲೆ ಬಿಂದಿಗೆಯೇ ಬೇಡವಾಯಿತು, ಹತ್ತು ವರ್ಷದ ಮಗಳು ಯಶೋಧರಾ ಹೊರುತ್ತಿದ್ದಳು. ನಾಟಿಯ ದಿನಗಳಲ್ಲಿ ಮಾತ್ರ ಪುಟ್ಟಮಾದಮ್ಮ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬದುವಿನ ಮೇಲೆ ಬಂದು ಕೂತು, “ಸಾಲು ಸೊಟ್ಟ ಓಯ್ತಾ ಅದೆ ಕಣ್ರೇ, ನನ್ ಎದೆ ಕೆಟ್ಟದೆ, ಕಣ್ ಕೆಟ್ಟಿಲ್ಲ,” ಎಂದು ಗದರುತ್ತಿದ್ದಳು.

ಗಂಡನೋ, ಪ್ರತಿ ಸಲ ಗುಮಾಸ್ತನ ಕಿಟಕಿಗೆ ಹೋಗಿ “ಎಲ್ಲಿಗ್ ಬಂತು ಸಾ?” ಎಂದು ಕೇಳಿಕೊಂಡು ಬರುತ್ತಿದ್ದ. ರೈತರು ಅವನನ್ನು ಕೇಳುತ್ತಿದ್ದ ಪ್ರಶ್ನೆಯೇ ಅದು. “ಇನ್ನೂರ ಎಂಬತ್ತಕ್ ಬಂದದೆ ಮಾದಿ. ನೀರು ಮೇಲಿಂದ ಬತ್ತಾ ಅದೆ, ನಮ್ ಗದ್ದೆಗೂ ಬತ್ತದೆ,” ಎನ್ನುತ್ತಿದ್ದ. ಮಧ್ಯೆ ಒಂದು ದಿನ ಸಿದ್ದಮಲ್ಲಪ್ಪ ಕರೆದು, ದೊಡ್ಡವರಿಂದ ಆಸ್ಪತ್ರೆಗೊಂದು ಕಾಗದ ಕೊಡಿಸುತ್ತೇನೆ, ನೀನು ಬೇಸಿಗೆಯಲ್ಲಿ ನನ್ನ ಗದ್ದೆ ಕಡೆ ಒಂಚೂರು ಕಣ್ಣಿಡು ಎಂದ. ಪುಟ್ಟಬಸವಯ್ಯ ಒಪ್ಪಲಿಲ್ಲ. ಮನೆಗೆ ಬಂದು ಅದನ್ನು ಹೆಂಡತಿಗೆ ಎದೆಯುಬ್ಬಿಸಿ ಹೇಳಿದ. ಅವಳು ಮೂಟೆಗೆ ಒರಗಿದ್ದವಳು ಅವನನ್ನೊಮ್ಮೆ ನೋಡಿದಳು, ಒಳ್ಳೆಯದಾಯಿತು ಅನ್ನಲಿಲ್ಲ, ಕೆಟ್ಟದಾಯಿತು ಅಂತಲೂ ಅನ್ನಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದವರು ಟಿ. ನರಸೀಪುರದ ಬೆಲ್ಲದ ವ್ಯಾಪಾರಿ ಕಲ್ಲಯ್ಯ, ಅವನ ಹೆಂಡತಿ ಚನ್ನಬಸಮ್ಮ. ಅವರ ಆರು ವರ್ಷದ ಮಗಳು ನಂದಿತಾಗೆ ಹೃದಯದಲ್ಲಿ ಹುಟ್ಟಿನಿಂದಲೇ ತೂತು. ನಾಲ್ಕು ಹೆಜ್ಜೆ ನಡೆದರೆ ತುಟಿ ನೇರಳೆ ಹಣ್ಣು ತಿಂದ ಹಾಗೆ ಆಗುತ್ತಿತ್ತು, ಅಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಡುತ್ತಿದ್ದಳು. ಮೊದಮೊದಲು ಚನ್ನಬಸಮ್ಮ ತನ್ನ ಬುತ್ತಿ, ತನ್ನ ನೀರು ಎಂದು ಬೆಂಚಿನ ಆ ತುದಿಗೆ ಇರುತ್ತಿದ್ದಳು. ಪುಟ್ಟಮಾದಮ್ಮ ಮಗುವಿಗೆ ನಾಟಿ ಹಾಡು ಹೇಳಿಕೊಟ್ಟಳು. ವರ್ಷ ಕಳೆಯುವುದರೊಳಗೆ ಒಂದೇ ಬಾಟಲಿಯ ನೀರು ಇಬ್ಬರೂ ಕುಡಿಯುತ್ತಿದ್ದರು. ಜಾತಿ ನೋಡುವಷ್ಟು ಪುರುಸೊತ್ತು ಆ ಬೆಂಚಿನ ಮೇಲೆ ಯಾರಿಗೂ ಇರಲಿಲ್ಲ.

ತೊಂಬತ್ತೇಳರ ಮಾರ್ಚಿನಲ್ಲಿ ಕಾರ್ಡು ಬಂತು. ಯಶೋಧರಾ ಎರಡು ಸಲ ಓದಿ ಹೇಳಿದಳು. ಬಂದು ಸೇರಿದರು, ರಕ್ತ ಕೊಡುವವರೂ ಸಿಕ್ಕರು, ಬೋರ್ಡಿನ ಮೇಲೆ ನಾಳೆಯ ಪಟ್ಟಿಯಲ್ಲಿ ಪುಟ್ಟಮಾದಮ್ಮನ ಹೆಸರೂ ಬಿತ್ತು. ಅದೇ ವಾರ್ಡಿಗೆ ನಂದಿತಾಳನ್ನೂ ತಂದು ಸೇರಿಸಿದ್ದರು. ಅವಳ ದಿನ ಇನ್ನೂ ಎಂಟು ದಿನಕ್ಕಿತ್ತು. ಮಧ್ಯಾಹ್ನ ಪುಟ್ಟಮಾದಮ್ಮನನ್ನು ಕೊನೆಯ ಪರೀಕ್ಷೆಗೆಂದು ಕೆಳಗಿನ ಮಹಡಿಗೆ ಕರೆದುಕೊಂಡು ಹೋದರು. ಆಗ ನಂದಿತಾ ಅತ್ತಳು, ಯಾತಕ್ಕೋ ಏನೋ, ಅಳುತ್ತ ಅಳುತ್ತ ಕಪ್ಪಿಟ್ಟು ಕಣ್ಣು ಮೇಲೆ ಮಾಡಿದಳು. ಸಿಸ್ಟರುಗಳು ಓಡಿ ಬಂದರು, ಮೂಗಿಗೆ ಕೊಳವೆ ಹಾಕಿದರು, ಅರ್ಧ ಗಂಟೆಗೆ ಮಗು ಕಣ್ಣು ಬಿಟ್ಟಿತು. ಚಿಕ್ಕ ಡಾಕ್ಟರು ಹಣೆ ಒರೆಸಿಕೊಂಡು ಕಲ್ಲಯ್ಯನಿಗೆ ಹೇಳಿದ್ದು ಪುಟ್ಟಬಸವಯ್ಯನ ಕಿವಿಗೂ ಬಿತ್ತು. “ಇನ್ನೊಂದ್ಸಲ ಹೀಗಾದ್ರೆ ಕಷ್ಟ. ನಾಳೆಯ ಪಟ್ಟಿ ತುಂಬಿದೆ. ಯಾರಾದರೂ ಬಿಟ್ಟರೆ ತಗೋಬಹುದು.”

ಕಲ್ಲಯ್ಯ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಪುಟ್ಟಬಸವಯ್ಯ ಅವನ ಭುಜ ಹಿಡಿದ.

“ಅಯ್ನೋರೆ, ನಮ್ ಪಾಳಿ ತಕ್ಕಳಿ. ಮುಯ್ಯಿ. ನಿಮ್ ಎಂಟ್ ದಿನದ್ದು ನಮ್ಗೆ.”

ಕಲ್ಲಯ್ಯ ಕೈ ಮುಗಿದ. ಅಲ್ಲಿಗೆ ಒಪ್ಪಿಗೆಯಾಯಿತು ಎಂದುಕೊಂಡ ಪುಟ್ಟಬಸವಯ್ಯ. ಹೋಗಿ ಸಿಸ್ಟರಿಗೆ ಹೇಳಿದ. “ನೀವು ನಾಳೆ ಬೇಡ ಅಂತಿದ್ದೀರಾ? ಖಂಡಿತಾನಾ?” ಎಂದಳು ಆಕೆ. ಖಂಡಿತ ಎಂದ. ಇಂಗ್ಲಿಷಿನ ಒಂದು ಹಾಳೆ ಮುಂದಿಟ್ಟಳು. ಅವನಿಗೆ ಸೈನು ಮಾಡುವುದಕ್ಕೆ ಬರುತ್ತಿತ್ತು, ಮಾಡಿದ. ಏರಿಯ ಮೇಲೆ ಬಾಯಿಮಾತಿಗೇ ನಡೆಯುತ್ತದೆ, ಇಲ್ಲಿ ಕಾಗದ ಬೇರೆ ಇದೆ, ಇನ್ನೂ ಗಟ್ಟಿ ಅಂದುಕೊಂಡ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುತ್ತಿದ್ದೇನೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಅದೂ ತನ್ನ ಕಾಲಲ್ಲ.

ಪರೀಕ್ಷೆ ಮುಗಿಸಿ ಗಾಲಿಕುರ್ಚಿಯಲ್ಲಿ ಬಂದ ಹೆಂಡತಿಗೆ, “ಡಾಕ್ಟ್ರು ಎಂಟ್ ದಿನ ಮುಂದಕ್ಕಾಕವ್ರೆ,” ಎಂದ. ನಿಜ ಹೇಳಬಹುದಿತ್ತು. ಅವಳ ಮುಖ ಬಾಡುತ್ತದಲ್ಲ, ಎಂಟೇ ದಿನಕ್ಕೆ ಯಾಕೆ ಆ ಸಂಕಟ ಎಂದು ಹೇಳಲಿಲ್ಲ. ಕಲ್ಲಯ್ಯನನ್ನೂ ಕಣ್ಸನ್ನೆಯಲ್ಲಿ ತಡೆದ; ಚನ್ನಬಸಮ್ಮ ಮಗುವಿನ ಪಕ್ಕ ಬಿಟ್ಟು ಇತ್ತ ಬರಲೇ ಇಲ್ಲ. ಪುಟ್ಟಮಾದಮ್ಮ, “ಇಷ್ಟ್ ದಿನ ಆಗದೆ, ಇನ್ನೆಂಟ್ ದಿನ ಏನ್ ಮಹಾ?” ಎಂದು ಗಂಡನಿಗೇ ಧೈರ್ಯ ಹೇಳಿದಳು. ಆ ಮಾತು ಅವನನ್ನು ಮುಂದೆ ಎಷ್ಟು ವರ್ಷ ಚುಚ್ಚಿತೋ.

ನಂದಿತಾಳ ಆಪರೇಷನ್ ಆಯಿತು. ಮೂರನೆಯ ದಿನ ಆ ಮಗುವಿನ ತುಟಿ ಎಲ್ಲ ಮಕ್ಕಳ ತುಟಿಯ ಹಾಗೆ ಕೆಂಪಾಗಿದ್ದನ್ನು ಪುಟ್ಟಬಸವಯ್ಯನೇ ಕಿಟಕಿಯ ಗಾಜಿನಿಂದ ನೋಡಿದ. ಒಂಬತ್ತನೆಯ ದಿನ ಬೋರ್ಡಿನ ಮೇಲೆ ಪುಟ್ಟಮಾದಮ್ಮನ ಹೆಸರಿರಲಿಲ್ಲ. ಗುಮಾಸ್ತ ಹಾಳೆ ತಿರುವಿ ತೋರಿಸಿದ. “ನೀವೇ ಆಪರೇಷನ್ ಬೇಡ ಅಂತ ಬರೆದುಕೊಟ್ಟಿದ್ದೀರಲ್ಲ.”

“ಬ್ಯಾಡ ಅಂದಿಲ್ಲ ಸಾ, ಮುಯ್ಯಿಗ್ ಕೊಟ್ಟಿದ್ದು. ಆ ಮಗೀನ ದಿನ ನಮ್ದು.”

“ಹಾಗೆಲ್ಲ ಇಲ್ಲಪ್ಪ. ಮಗುವಿನ ದಿನ ಪಟ್ಟಿಯಲ್ಲಿ ಮುಂದಿದ್ದವರಿಗೆ ಹೋಯ್ತು. ಅವರೂ ಎರಡು ವರ್ಷದಿಂದ ಕಾದವರೇ. ಬಿಟ್ಟವರು ಕೊನೆಗೆ. ಎಲ್ಲರಿಗೂ ಒಂದೇ ರೂಲ್ಸು.”

ಬೇರೆ ಯಾರಾದರೂ ಆಗಿದ್ದರೆ ಕಿಟಕಿ ಗುದ್ದಿ ಜಗಳ ತೆಗೆಯುತ್ತಿದ್ದರು. ಪುಟ್ಟಬಸವಯ್ಯ ಕಿಟಕಿಯಿಂದ ಹಿಂದಕ್ಕೆ ಸರಿದ. ಆ ಮಾತು ಅವನದೇ. ಸೆರಗೊಡ್ಡಿ ಕೂತ ಮುದ್ದಮ್ಮನಿಗೆ ಅವನೇ ಹೇಳಿದ್ದು. ಕಲ್ಲಯ್ಯ ಡಾಕ್ಟರ ಕಾಲು ಹಿಡಿದ ಮೇಲೆ ಅವರು ಫೈಲಿನ ಮೇಲೆ ‘ಬೇಗ’ ಎಂದು ಬರೆದರು. ಬೇಗ ಅಂದರೂ ಹತ್ತು ಹನ್ನೊಂದು ತಿಂಗಳು. ಊರಿಗೆ ವಾಪಸು ಬರುವಾಗ ರೈಲಿನಲ್ಲಿ ಪುಟ್ಟಮಾದಮ್ಮ ಯಾಕೆ, ಏನು ಎಂದು ಕೇಳಿದಳು. “ಡಾಕ್ಟ್ರು ಹಂಗಂದ್ರು,” ಎಂದ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಮುಯ್ಯಾಳು ಬಂತು.

ಆ ಮಳೆಗಾಲ ಅವಳ ಕಾಲು ಬಾತುಕೊಂಡವು. ಬದುವಿನವರೆಗೂ ಬರಲಾಗಲಿಲ್ಲ. ಗಂಡ ಕೆಲಸ ಬಿಟ್ಟು ಎದುರಿಗೆ ಕೂತರೆ, “ಓಗ್ ಮಾರಾಯ, ನನ್ ಮೊಕ ನೋಡ್ತಾ ಕೂತ್ರೆ ತೂಬು ಯಾರೆತ್ತಾರು?” ಎಂದು ಓಡಿಸುತ್ತಿದ್ದಳು. ಆಗ ಅವನಿಗೆ ಎಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹೇಳುತ್ತಿರಲಿಲ್ಲ.

ಆಯುಧಪೂಜೆ ಕಳೆದ ಮೇಲೆ ಒಂದು ಬೆಳಿಗ್ಗೆ ಕಲ್ಲಯ್ಯನ ಸಂಸಾರ ಹುಲ್ಲಹಳ್ಳಿಯ ಬಸ್ಸಿನಿಂದ ಇಳಿಯಿತು. ಕೇರಿಯಲ್ಲಿ ಮನೆ ಕೇಳಿಕೊಂಡು ಬಂದರು, ಎರಡು ಹೆಡಿಗೆ ಬೆಲ್ಲ, ಒಂದು ಸೀರೆ, ಗೊನೆ ಬಾಳೆಹಣ್ಣು ಇಟ್ಟುಕೊಂಡು. ನಂದಿತಾ ಬಾಗಿಲಿನಿಂದ ಒಳಗಿನವರೆಗೂ ಓಡಿ ಬಂದಳು. ಆ ಮಗು ಓಡಿದ್ದನ್ನು ಪುಟ್ಟಮಾದಮ್ಮ ನೋಡಿದ್ದು ಅದೇ ಮೊದಲು. ಪುಟ್ಟಬಸವಯ್ಯ ಮೂಲೆಯಲ್ಲಿ ಬೆವರುತ್ತ ನಿಂತಿದ್ದ. ಚನ್ನಬಸಮ್ಮ ನೇರ ಹೋಗಿ, ಮೂಟೆಗೆ ಒರಗಿದ್ದವಳ ಬಾತ ಪಾದ ಎರಡನ್ನೂ ಹಿಡಿದುಕೊಂಡಳು.

“ಬಿಡಿ ಬಿಡಿ, ಅವ್ವಾರೆ, ಇದೇನಿದು!”

“ನೀನು ನಿನ್ನ ಪಾಳಿ ಬಿಟ್ಟುಕೊಟ್ಯಲ್ಲ ತಾಯಿ, ನನ್ ಮಗು ಜೀವ ಉಳಿಸಿದೋಳು ನೀನು. ಹೆತ್ತಮ್ಮ ಮಾಡಲ್ಲ ಕಣವ್ವ ಇಂಥ ಕೆಲ್ಸ.”

ಪುಟ್ಟಮಾದಮ್ಮನ ಕಣ್ಣು ಒಂದು ಗಳಿಗೆ ಗಂಡನ ಮೇಲೆ ಬಿತ್ತು. ಅವನು ನೆಲ ನೋಡಿದ. ಅಷ್ಟು ಸಾಕಾಯಿತು ಅವಳಿಗೆ. ನಂದಿತಾಳನ್ನು ಪಕ್ಕಕ್ಕೆ ಕರೆದು ಕೆನ್ನೆ ಸವರಿ, “ಹಾಡು ಗೆಪ್ತಿ ಅದಾ ಮಗ?” ಎಂದಳು. ಮಗು ಹೇಳಿತು. ಪೂರ್ತಿ, ಒಂದೇ ಉಸಿರಿಗೆ ಹೇಳಿತು.

ಅವರು ಮಧ್ಯಾಹ್ನದ ಬಸ್ಸಿಗೆ ಹೋದ ಮೇಲೆ ಗಂಡನನ್ನು ಕರೆದಳು.

“ಯಶೋಧರಾನಪ್ಪಾ, ಮುಯ್ಯಿ ಪಾಳಿಗೆ ಯಾರ್ ಯಾರ್ನ ಕೇಳ್ತೀಯ ನೀನು?”

“ಇಬ್ರುನ್ನೂ.”

“ಅವತ್ತು ಪಾಳಿ ಯಾರ್ದು?”

ಅವನು ಗುದ್ದಲಿಯ ಕಾವು ಹಿಡಿದು ನಿಂತೇ ಇದ್ದ.

“ನೀನು ನೀರುಗಂಟಿ ಕಣಪ್ಪ. ಗದ್ದೆ ನಂದಾಗಿತ್ತು,” ಎಂದಳು. ಗಟ್ಟಿಯಾಗಿ ಕೂಡ ಹೇಳಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ಪುಟ್ಟಬಸವಯ್ಯನಿಗೆ. ಇಪ್ಪತ್ತು ವರ್ಷ ಯಾರ ಗದ್ದೆಯ ಪಾಳಿಯನ್ನೂ ಅವರನ್ನು ಕೇಳದೆ ಬದಲಾಯಿಸಿದವನಲ್ಲ. ಹೆಂಡತಿಯ ಜೀವದ ಪಾಳಿಯನ್ನು ಮಾತ್ರ ತನ್ನದೇ ಎಂದುಕೊಂಡುಬಿಟ್ಟಿದ್ದ. ಹಾಗಂತ ಆ ಮಗು ಉಳಿಯಬಾರದಿತ್ತು ಎಂದು ಯಾವ ಬಾಯಲ್ಲಿ ಹೇಳುವುದು? ಆ ಕಡೆಗೂ ಹೋಗಲಾಗದೆ ಈ ಕಡೆಗೂ ಬರಲಾಗದೆ ಒದ್ದಾಡಿದ. ಅವಳು ಮುಂಚಿನ ಹಾಗೆಯೇ ಊಟಕ್ಕೆ ಕರೆಯುತ್ತಿದ್ದಳು, ಮಗಳ ವಿಷಯ ಮಾತಾಡುತ್ತಿದ್ದಳು. ಗದರುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು. ಅದೇ ಅವನಿಗೆ ತಡೆಯಲಾಗದೆ ಹೋದದ್ದು.

ದೀಪಾವಳಿಯಾಗಿ ಹತ್ತು ದಿನಕ್ಕೆ, ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದವಳ ಕೈಯಿಂದ ಕೋಲು ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಬರಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಕಚ್ಚಿಕೊಂಡ ಬಾಗಿಲ ಹಿಂದೆ ನಿಂತ ರಕ್ತ ಹೆಪ್ಪುಗಟ್ಟಿ, ಅದರ ಚೂರೊಂದು ತಲೆಗೆ ಹೋಗಿ ಕೂತಿದೆ ಎಂದರು ಮೈಸೂರಿನ ಆಸ್ಪತ್ರೆಯಲ್ಲಿ. “ಆಪರೇಸನ್ ಮುಂಚೇನೇ ಆಗ್ಬುಟ್ಟಿದ್ರೆ ಸಾ?” ಎಂದು ಕೇಳಿದ ಪುಟ್ಟಬಸವಯ್ಯ. ಡಾಕ್ಟರು ಫೈಲಿನ ಹಾಳೆ ಮಗುಚಿದರು. ತಿಂಗಳೊಪ್ಪತ್ತಿನಲ್ಲಿ ಮಾತು ತೊದಲುತ್ತ ವಾಪಸು ಬಂತು. ಸುತ್ತ ನಾಲ್ಕು ಹಳ್ಳಿಗೆ ಹೆಸರಾದ ಆ ಬಲಗೈ ಬರಲಿಲ್ಲ.

ಆಪರೇಷನ್ ಆಯಿತು, ಅವಳು ಉಳಿದಳು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೂ ಹತ್ತಾರು ವರ್ಷ ಬಾಳಿದಳು, ಯಶೋಧರಾಳ ಮದುವೆ ನೋಡಿದಳು. ಎಡಗೈಯಲ್ಲಿ ಸೌಟು ಹಿಡಿಯುವುದನ್ನು ಕಲಿತಳು, ಬದುವಿನ ಮೇಲೆ ಕೂತು ಮತ್ತೆ ಹೆಂಗಸರನ್ನು ಗದರಿದಳು. ಪೈರು ಮಾತ್ರ ನೆಡಲಿಲ್ಲ. ನಾನು ಹೇಳಬೇಕಾದ್ದು ಆಪರೇಷನ್ನಿನ ಬೆಳಗಿನ ಸಂಗತಿ, ತೊಂಬತ್ತೆಂಟರ ಫೆಬ್ರವರಿಯದು.

ಅವತ್ತು ಸಿಸ್ಟರು ಒಪ್ಪಿಗೆಯ ಹಾಳೆ ತಂದು ಪುಟ್ಟಬಸವಯ್ಯನ ಮುಂದೆ ಹಿಡಿದಳು. ಅವನು ಪೆನ್ನು ಮುಟ್ಟಲಿಲ್ಲ. “ಅವಳ್ನ ಕೇಳಿ ಸಿಸ್ಟರಮ್ಮ, ಅವಳ್ದು,” ಎಂದ. ಆಮೇಲೆ ತಾನೇ ತಳ್ಳುಗಾಡಿಯ ಹತ್ತಿರ ಬಗ್ಗಿ, “ಮಾದಿ, ನಿನ್ಗೆ ಒಪ್ಗೇನಾ?” ಎಂದು ಕೇಳಿದ.

ಅವಳು ಎಡಗೈ ಹೆಬ್ಬೆರಳು ಚಾಚಿದಳು. ಸಿಸ್ಟರು ಶಾಯಿ ಹಚ್ಚಿ ಒತ್ತಿಸಿಕೊಂಡು ಹೋದಳು.

“ಈಗ್ ಕೇಳ್ದೆ,” ಎಂದಳು ಪುಟ್ಟಮಾದಮ್ಮ, ತೊದಲುತ್ತ. “ಅವತ್ತೂ ಕೇಳಿದ್ರೆ ನಾನೂ ಕೊಡ್ತಿದ್ದೆ ಕಣ. ಆ ಮಗೀನ ಮೊಕ ನೋಡಿ ನಾನು ಇಲ್ಲ ಅಂತಿದ್ನಾ? ಕೈ ಓಯ್ತು, ಓಗ್ಲಿ. ಆವಮ್ಮ ನನ್ ಕಾಲ್ ಮುಟ್ಟಿ ಅತ್ಲಲ್ಲ, ನಾನ್ ಕೊಡ್ದೆ ಇರೋದ್ಕೆ ಕಾಲ್ ಮುಟ್ಟಿಸ್ಕಂಡೆ. ಕೊಟ್ಟೋಳು ನಾನೇ ಆಗ್ಬೋದಿತ್ತು. ಅದ್ನೂ ನೀನೇ ತಕ್ಕಂಡ್ಬುಟ್ಟೆ.”

ತಳ್ಳುಗಾಡಿ ಹೊರಟಿತು. ಬಾಗಿಲು ಮುಚ್ಚಿಕೊಂಡಿತು. ಬೆಂಚಿನ ಮೇಲೆ ಕಾಯುತ್ತಿದ್ದ ಯಾರೋ ಹೊಸಬ, “ಅಣ್ಣಾ, ಪಾಳಿ ಎಲ್ಲಿಗ್ ಬಂತು?” ಎಂದು ಕೇಳಿದ. ಪುಟ್ಟಬಸವಯ್ಯ ಅವನ ಪಕ್ಕದಲ್ಲಿ ಕುಸಿದು ಕೂತು, ಅಷ್ಟು ಜನರ ಮುಂದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.